ಕ್ಯುರೇಟರ್ ಅಂದ್ರೆ ಪಿಚ್ ನೋಡ್ಕೊಳ್ಳೋರಾ?

ಯುಗಾದಿಗೆ ಗುಬ್ಬಿಗೆ ಹೋಗಿದ್ದಾಗ ಸೋದರಮಾವನ ಹತ್ತಿರ ನನ್ನ ಗೆಳತಿಯೊಬ್ಬಳ ವಿಷಯ ಹೇಳ್ತಿದ್ದೆ. ಅವಳು ಕಲಾ ಇತಿಹಾಸ ಓದಿದ್ದಾಳೆ, ಹೊರದೇಶದ ಒಂದು ಆರ್ಟ್ ಮ್ಯೂಸಿಯಮ್ಮಿನಲ್ಲಿ ಸಹಾಯಕ ಕ್ಯುರೇಟರ್ ಆಗಿದ್ದಾಳೆ, ಮುಂದೆ ಚೀಫ್ ಕ್ಯುರೇಟರ್ ಆಗಬೇಕು ಅನ್ನೋದು ಅವಳ ಆಸೆ ಅಂತ. ಮಾವ ಪೇಪರ್ ಮಡಚಿ ಪಕ್ಕಕ್ಕಿಟ್ಟು, "ಕ್ಯುರೇಟರ್ ಅಂದ್ರೆ ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ಪಿಚ್ ನೋಡ್ಕೊತಾರಲ್ಲ, ಅವರೇನಮ್ಮ?" ಅಂದರು.

ನಕ್ಕುಬಿಟ್ಟೆ. ಆದರೆ ತಪ್ಪು ಮಾವನದ್ದಲ್ಲ. ಕನ್ನಡ ಪತ್ರಿಕೆಗಳಲ್ಲಿ ಆ ಪದ ಹೆಚ್ಚಾಗಿ ಬರೋದು ಕ್ರೀಡಾ ಪುಟದಲ್ಲೇ. ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಅದು ಬೇರೆ ಬೇರೆ ಕಡೆ ಸಿಗುತ್ತೆ. ಹೋಟೆಲಿನಲ್ಲಿ ಕ್ಯುರೇಟೆಡ್ ಮೆನು, ಫೋನಿನಲ್ಲಿ ಕ್ಯುರೇಟೆಡ್ ಪ್ಲೇಲಿಸ್ಟ್, ಸಕಲೇಶಪುರದ ಹೋಮ್‌ಸ್ಟೇಯಲ್ಲಿ ಕ್ಯುರೇಟೆಡ್ ಅನುಭವ. ನಾಲ್ಕು ವಸ್ತು ಆರಿಸಿ ಚೆಂದ ಕಾಣೋ ಹಾಗೆ ಜೋಡಿಸಿದವರೆಲ್ಲ ಈಗ ಕ್ಯುರೇಟರುಗಳೇ. ಇವೆರಡು ಅರ್ಥಗಳಲ್ಲಿ ಮಾವನದ್ದೇ ಮೂಲಕ್ಕೆ ಹತ್ತಿರ. ಲ್ಯಾಟಿನ್ನಿನಲ್ಲಿ ಆ ಪದದ ಬೇರಿಗೆ ಆರೈಕೆ, ನಿಗಾ ಅನ್ನೋ ಅರ್ಥ. ಪಿಚ್ ನೋಡಿಕೊಳ್ಳುವವರು ನೀರು ಹಾಕಿಸ್ತಾರೆ, ರೋಲರ್ ಓಡಿಸ್ತಾರೆ, ಮಳೆ ಬಂದರೆ ಕವರ್ ಎಳೆಸ್ತಾರೆ. ಪಂದ್ಯ ನಡೆಯುವಾಗ ಅವರು ಯಾರ ಕಣ್ಣಿಗೂ ಬೀಳೋದಿಲ್ಲ. ಟೆಸ್ಟ್ ಮ್ಯಾಚು ಎರಡೇ ದಿನಕ್ಕೆ ಮುಗಿದುಹೋದರೆ ಮಾತ್ರ, ಪಿಚ್ ಯಾರದ್ದಪ್ಪಾ ಅಂತ ಎಲ್ಲರೂ ಕೇಳ್ತಾರೆ, ಅವರು ಉತ್ತರ ಕೊಡಬೇಕಾಗುತ್ತೆ.

ಈ ಉತ್ತರ ಕೊಡೋ ವಿಷಯಕ್ಕೇ ಇದನ್ನ ಬರೀತಿರೋದು.

ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಖಾಸಗಿ ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಒಳ್ಳೆ ಕಟ್ಟಡ, ಒಳ್ಳೆ ಬೆಳಕು, ಕಾಫಿಯೂ ಚೆನ್ನಾಗಿತ್ತು. ಎರಡನೇ ಕೋಣೆಯಲ್ಲಿ, ಬಿಳಿ ಗೋಡೆಯ ಮುಂದೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ಕೆಂಪು ಮುಖ ಇತ್ತು. ಅಗಲ ಕಣ್ಣು, ದಪ್ಪ ಮೀಸೆ. ಪಕ್ಕದ ಲೇಬಲ್ಲಿನಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಮುಖವಾಡ, ಗ್ರಾಮೀಣ ಕರ್ನಾಟಕ, ಮರ ಮತ್ತು ಬಣ್ಣ, ಕಲಾವಿದ ಅಜ್ಞಾತ.

ನನ್ನ ಅಜ್ಜಿಯ ಊರು ಕುಣಿಗಲ್ ತಾಲ್ಲೂಕು. ಆ ಕೆಂಪು ಮುಖ ನನಗೆ ಗೊತ್ತು. ಅದು ಸೋಮ. ತುಮಕೂರು, ಮಂಡ್ಯ, ಹಾಸನದ ಕಡೆ ಗ್ರಾಮದೇವತೆಯ ಹಬ್ಬದಲ್ಲಿ ಸೋಮನ ಕುಣಿತ ನೋಡಿದವರಿಗೆ ಹೇಳಬೇಕಾಗಿಲ್ಲ. ಬೆತ್ತದ ಚೌಕಟ್ಟಿಗೆ ಮುಖ ಬಿಗಿದು, ಬಣ್ಣದ ಬಟ್ಟೆ ಇಳಿಬಿಟ್ಟು, ಮೇಲೆ ನವಿಲುಗರಿ ಕಟ್ಟಿಕೊಂಡು ಸೋಮ ಬರ್ತಾನೆ. ಅವನು ದೇವಿಯ ಕಾವಲಿನವನು. ಚಿಕ್ಕವಳಿದ್ದಾಗ ನಾನು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡು ನೋಡ್ತಿದ್ದೆ. ಅಜ್ಜಿ ಮಾತ್ರ ಅದನ್ನ ಮುಖವಾಡ ಅಂತ ಯಾವತ್ತೂ ಕರೆದವಳಲ್ಲ. "ಸೋಮ ಬಂದ, ಕೈ ಮುಗಿ" ಅನ್ನೋಳು.

ಮುಂದಿನ ಟೇಬಲ್ಲಿನಲ್ಲಿ ಕೂತಿದ್ದ ಹುಡುಗನನ್ನ ಕೇಳಿದೆ, ಇದು ಯಾವ ಊರಿಂದ ಬಂದದ್ದು ಅಂತ. ಗೊತ್ತಿಲ್ಲ ಮೇಡಂ ಅಂದ. ಲೇಬಲ್ ಯಾರು ಬರೆದದ್ದು ಅಂದೆ. ಡಿಸೈನ್ ಮಾಡೋ ಏಜೆನ್ಸಿಯವರು ಅಂದ. ಕ್ಯುರೇಟರ್ ಯಾರು ಅಂದೆ. ಅವನು ಗೋಡೆಯ ಮೇಲಿನ ದೊಡ್ಡ ಅಕ್ಷರ ತೋರಿಸಿದ. ಅಲ್ಲಿ ಒಂದು ಹೆಸರಿತ್ತು. ಅವರು ಈ ಒಂದು ಪ್ರದರ್ಶನಕ್ಕೆ ಅಂತ ಬಂದು ಹೋದವರು, ಈಗ ಇನ್ನೊಂದು ಊರಲ್ಲಿ ಇನ್ನೊಂದು ಪ್ರದರ್ಶನ ಮಾಡ್ತಿದ್ದಾರಂತೆ. ಇಮೇಲ್ ಐಡಿ ಕೊಟ್ಟ. ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಒಂದು ಸಾಲು ಬಂತು, ಅಷ್ಟೇ.

ಇದರಲ್ಲಿ ಆ ಹುಡುಗನ ತಪ್ಪೇನೂ ಇಲ್ಲ. ಪ್ರದರ್ಶನ ಮಾಡಿದವರನ್ನ ಕೂಡ ಕಳ್ಳರು ಅಂತ ನಾನು ಹೇಳ್ತಿಲ್ಲ. ನನಗೆ ಕಂಡದ್ದು ಒಂದು ಖಾಲಿ ಕುರ್ಚಿ. ಆ ಕುರ್ಚಿಯಲ್ಲಿ ಕೂರಬೇಕಾದವರ ಹುದ್ದೆಯ ಹೆಸರೇ ಚೀಫ್ ಕ್ಯುರೇಟರ್.

ಮ್ಯೂಸಿಯಮ್ಮಿನಲ್ಲಿ ನಿರ್ದೇಶಕರು ಒಬ್ಬರು ಇರ್ತಾರೆ. ಹಣ, ಕಟ್ಟಡ, ಸಿಬ್ಬಂದಿ, ಸರ್ಕಾರ, ದಾನಿಗಳು ಎಲ್ಲ ಅವರ ತಲೆನೋವು. ಚೀಫ್ ಕ್ಯುರೇಟರ್ ಅವರ ಪಕ್ಕದಲ್ಲಿರೋ ಇನ್ನೊಬ್ಬರು. ಸಂಗ್ರಹದ ತಲೆನೋವು ಇವರದ್ದು. ಚಿಕ್ಕ ಮ್ಯೂಸಿಯಮ್ಮುಗಳಲ್ಲಿ ಇಬ್ಬರೂ ಒಬ್ಬರೇ ಆಗಿರಬಹುದು. ದೆಹಲಿಯಲ್ಲಿ 1954ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾದಾಗ ಅದನ್ನ ನೋಡಿಕೊಂಡವರು ಹರ್ಮನ್ ಗೋಟ್ಸ್ ಅನ್ನೋ ಜರ್ಮನ್ ಕಲಾ ಇತಿಹಾಸಕಾರ. ಆಗ ಅವರ ಹುದ್ದೆಯ ಹೆಸರು ಕ್ಯುರೇಟರ್ ಅಂತಲೇ ಇತ್ತು. ಅದೇ ಗ್ಯಾಲರಿಯ ಬೆಂಗಳೂರು ಶಾಖೆ 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿನಲ್ಲಿ ತೆರೆಯಿತು.

ಹೊರಗಿನಿಂದ ನೋಡೋ ನಮಗೆ ಕ್ಯುರೇಟರ್ ಕೆಲಸ ಅಂದರೆ ಗೋಡೆಗೆ ಚಿತ್ರ ಹಾಕೋದು. ಆದರೆ ಈ ಕೆಲಸದಲ್ಲಿ ಗೋಡೆಯಿಂದ ಚಿತ್ರ ತೆಗೆಯೋದೂ ಅಷ್ಟೇ ಮುಖ್ಯ. ಜಲವರ್ಣ ಚಿತ್ರಗಳಿಗೆ, ಬಟ್ಟೆಗೆ, ಹಳೇ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಅಂತ ಮ್ಯೂಸಿಯಮ್ಮುಗಳಲ್ಲಿ ಸಾಮಾನ್ಯವಾಗಿ ಪಾಲಿಸ್ತಾರೆ. ನಮ್ಮ ಆಫೀಸಿನ ಮೇಜಿನ ಮೇಲೆ ಬೀಳೋ ಬೆಳಕು ಅದರ ಐದಾರು ಪಟ್ಟಾದರೂ ಇರುತ್ತೆ. ಬಣ್ಣ ಒಮ್ಮೆ ಮಾಸಿದರೆ ವಾಪಸ್ ಬರೋದಿಲ್ಲ. ಹಾಗಾಗಿ ಕೆಲವು ತಿಂಗಳು ತೋರಿಸಿ, ಆಮೇಲೆ ಕತ್ತಲೆ ಕೋಣೆಯಲ್ಲಿಟ್ಟು ಅದಕ್ಕೆ ವಿಶ್ರಾಂತಿ ಕೊಡಬೇಕು. ಮಂತ್ರಿಗಳು ಬರ್ತಿದ್ದಾರೆ, ಆ ಚಿತ್ರ ಹೊರಗೆ ತನ್ನಿ ಅಂದಾಗ, ಈ ವರ್ಷ ಆಗಲ್ಲ ಸರ್ ಅನ್ನೋ ಧೈರ್ಯ ಮತ್ತು ಅಧಿಕಾರ ಯಾರಿಗೋ ಒಬ್ಬರಿಗೆ ಇರಬೇಕು.

ಇನ್ನೊಂದು 'ಆಗಲ್ಲ' ಇದಕ್ಕಿಂತ ಕಷ್ಟದ್ದು: ಕೊಳ್ಳಬೇಡಿ ಅನ್ನೋದು. ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಚೋಳರ ಕಾಲದ ಒಂದು ಕಂಚಿನ ನಟರಾಜನನ್ನ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ನಿಂದ 50 ಲಕ್ಷ ಅಮೆರಿಕನ್ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಅದು ತಮಿಳುನಾಡಿನ ಶ್ರೀಪುರಂದಾನ್ ಅನ್ನೋ ಹಳ್ಳಿಯ ದೇವಸ್ಥಾನದಿಂದ ಕದ್ದದ್ದು. ಹಿಂದಿನ ಮಾಲೀಕರು ಯಾರು ಅಂತ ತೋರಿಸೋಕೆ ಕೊಟ್ಟಿದ್ದ ಕಾಗದಗಳು ಸುಳ್ಳು. 2014ರ ಸೆಪ್ಟೆಂಬರಿನಲ್ಲಿ ಆ ದೇಶದ ಪ್ರಧಾನಿಯೇ ದೆಹಲಿಗೆ ಬಂದು ಮೂರ್ತಿಯನ್ನ ವಾಪಸ್ ಕೊಡಬೇಕಾಯ್ತು. ಅಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಓದಿದವರಿಗೂ ಕೊರತೆ ಇರಲಿಲ್ಲ. ಎಲ್ಲಿಂದ ಬಂತು ಅನ್ನೋ ಪ್ರಶ್ನೆಯನ್ನ ಇನ್ನೂ ಎರಡು ಸಲ ಗಟ್ಟಿಯಾಗಿ ಕೇಳಬೇಕಿತ್ತು. ಮೂರ್ತಿ ಅಷ್ಟು ಚೆನ್ನಾಗಿರುವಾಗ ಆ ಪ್ರಶ್ನೆ ಕೇಳೋರು ಎಲ್ಲರ ಕಣ್ಣಿಗೂ ರಸಭಂಗ ಮಾಡೋರ ಥರ ಕಾಣ್ತಾರೆ. ಹಾಗೆ ಕಾಣಿಸಿಕೊಳ್ಳೋಕೇ ಚೀಫ್ ಕ್ಯುರೇಟರಿಗೆ ಸಂಬಳ ಕೊಡೋದು.

ನನ್ನ ಕೆಂಪು ಸೋಮನ ವಿಷಯದಲ್ಲೂ ನನಗೆ ಚುಚ್ಚಿದ್ದು ಇದೇ. ಯಾವುದೋ ಊರಿನ ಹಬ್ಬ ನಿಂತುಹೋಗಿ, ಯಾರೋ ಕಷ್ಟಕ್ಕೆ ಮಾರಿರಬಹುದು. ಅದು ಅವರ ಹಕ್ಕು. ಕದ್ದದ್ದೂ ಇರಬಹುದು. ಲೇಬಲ್ಲಿನಲ್ಲಿ ಊರಿನ ಹೆಸರಿಲ್ಲದಿದ್ದರೆ ಎರಡೂ ಒಂದೇ ಥರ ಕಾಣುತ್ತೆ. 'ಕಲಾವಿದ ಅಜ್ಞಾತ' ಅನ್ನೋದಂತೂ ನನಗೆ ಸೋಮಾರಿತನದ ಮಾತು. ಹೊಯ್ಸಳರ ಕಾಲದ ಶಿಲ್ಪಿಗಳು, ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಮೂರ್ತಿಯ ಕೆಳಗೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಎಂಟು ಒಂಬತ್ತು ಶತಮಾನದ ಹಿಂದಿನ ಹೆಸರು ಉಳಿದಿರೋ ನಾಡಿನಲ್ಲಿ, ಬಹುಶಃ ನಮ್ಮ ಅಜ್ಜಂದಿರ ಕಾಲದವನ ಹೆಸರು ಅಜ್ಞಾತ ಆಗೋದು ಯಾರೂ ಹೋಗಿ ಕೇಳದೇ ಇದ್ದಾಗ.

ಈಗ ಕಸ್ತೂರಬಾ ರಸ್ತೆಗೆ ಬರೋಣ. ಚಿನ್ನಸ್ವಾಮಿ ಸ್ಟೇಡಿಯಮ್ಮಿಂದ ನಡೆದೇ ಹೋಗಬಹುದು. 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದವರು. ಊಟಿಯ ಮಂಜಿನ ಜಲವರ್ಣ ಚಿತ್ರಗಳು, ಪ್ಲಾಸ್ಟರಿನ ಉಬ್ಬುಶಿಲ್ಪಗಳು ಅವರ ಹೆಸರು ಉಳಿಸಿವೆ. 2015ರಲ್ಲಿ ಸರ್ಕಾರ ಪ್ರವಾಸಿ ತಾಣಗಳ ದತ್ತು ಯೋಜನೆಯಡಿ ಈ ಗ್ಯಾಲರಿಯನ್ನ ತಸ್ವೀರ್ ಫೌಂಡೇಶನ್‌ಗೆ ಕೊಡೋ ಒಪ್ಪಂದ ಮಾಡಿಕೊಂಡಿತು. 2016ರಲ್ಲಿ ಕಲಾವಿದರು ಬೀದಿಗೆ ಬಂದರು, ಗ್ಯಾಲರಿಯ ಸುತ್ತ ಮಾನವ ಸರಪಳಿ ಮಾಡಿದರು. ಸಾರ್ವಜನಿಕ ಜಾಗ ಖಾಸಗಿಯವರ ಕೈಗೆ ಹೋಗಬಾರದು, ಕಡಿಮೆ ಬಾಡಿಗೆಗೆ ಹೊಸಬರಿಗೆ ಸಿಗೋ ಗೋಡೆ ಕಳೆದುಹೋಗಬಾರದು ಅನ್ನೋದು ಅವರ ವಾದ. ಸರ್ಕಾರದ ಕೈಯಲ್ಲಿ ಇದ್ದು ಸೊರಗೋದಕ್ಕಿಂತ ಯಾರಾದರೂ ನೋಡಿಕೊಳ್ಳಲಿ ಅನ್ನೋದು ಇನ್ನೊಂದು ಕಡೆಯ ವಾದ. ಕೊನೆಗೆ ಆ ಒಪ್ಪಂದ ಮುಂದುವರಿಯಲಿಲ್ಲ. ಫೌಂಡೇಶನ್ ಹಿಂದಿದ್ದ ಅಭಿಷೇಕ್ ಪೊದ್ದಾರ್ ಅದೇ ರಸ್ತೆಯಲ್ಲಿ ತಮ್ಮದೇ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಕಟ್ಟಿದರು, 2023ರ ಫೆಬ್ರವರಿಯಲ್ಲಿ ಅದು ತೆರೆಯಿತು.

ಕಲಾವಿದರು ಆಗ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸಾರ್ವಜನಿಕ ಸಂಗ್ರಹ ಸಾರ್ವಜನಿಕವಾಗಿಯೇ ಇರಬೇಕು. ಆದರೆ ಆ ಜಗಳದ ಬಗ್ಗೆ ಓದಿದಾಗಲೆಲ್ಲ ನನಗೆ ಒಂದು ಕೊರತೆ ಕಾಣುತ್ತೆ. ಕಟ್ಟಡ ಯಾರದ್ದು ಅಂತ ಎರಡೂ ಕಡೆಯವರು ದೊಡ್ಡ ದನಿಯಲ್ಲಿ ಕೇಳಿದರು. ವೆಂಕಟಪ್ಪನವರ ಆ ಜಲವರ್ಣದ ಚಿತ್ರಗಳಿಗೆ ಎಷ್ಟು ಬೆಳಕು ಬೀಳಬೇಕು, ಯಾವುದು ಈ ವರ್ಷ ವಿಶ್ರಾಂತಿಗೆ ಹೋಗಬೇಕು ಅಂತ ತೀರ್ಮಾನ ಮಾಡೋರು ಯಾರು, ಅವರಿಗೆ ವರ್ಗಾವಣೆಯ ಭಯ ಇಲ್ಲದ ಹುದ್ದೆ ಇದೆಯಾ ಅನ್ನೋ ಪ್ರಶ್ನೆಗೆ ಅಷ್ಟು ದನಿ ಇರಲಿಲ್ಲ. ಕಟ್ಟಡ ಸರ್ಕಾರದ್ದೇ ಆದರೂ ದಾನಿಯದ್ದೇ ಆದರೂ ಆ ಕುರ್ಚಿ ಖಾಲಿ ಇದ್ದರೆ ಚಿತ್ರಕ್ಕೆ ಆಗೋ ಗತಿ ಒಂದೇ.

ನಮ್ಮ ತುಮಕೂರಿಗೆ ಇದನ್ನ ಅನ್ವಯಿಸಿ ನೋಡ್ತೀನಿ, ಯಾಕಂದ್ರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು, ನಮ್ಮದು ಸ್ಮಾರ್ಟ್ ಸಿಟಿ, ನಮಗೂ ಒಂದು ಆರ್ಟ್ ಮ್ಯೂಸಿಯಂ ಬೇಕು ಅಂತ ಬರೀತಾರೆ. ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಚರ್ಚೆ ನೇರವಾಗಿ ಜಾಗಕ್ಕೆ ಹೋಗುತ್ತೆ: ಅಮಾನಿಕೆರೆ ಹತ್ತಿರವಾ, ಕ್ಯಾತ್ಸಂದ್ರದ ಕಡೆಯಾ. ಒಳಗೆ ಏನಿಡಬೇಕು ಅಂತ ಯಾರೂ ಕೇಳಲ್ಲ.

ಸರಿ, ಕಟ್ಟಡ ಬಂತು ಅಂತಲೇ ಇಟ್ಟುಕೊಳ್ಳೋಣ. ಮೊದಲ ದಿನ ಚೀಫ್ ಕ್ಯುರೇಟರ್ ಮೇಜಿನ ಮುಂದೆ ಬರೋದು ಬಹುಶಃ ಗುಬ್ಬಿ. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನ ನಾಡಿನ ದೊಡ್ಡ ಕಂಪನಿ ಮಾಡಿದ ಗುಬ್ಬಿ ವೀರಣ್ಣನವರು. ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರ್ತಿದ್ದವು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರದೇ ಹೆಸರು. ಆನೆಯ ಕತೆ ನಮ್ಮೆಲ್ಲರಿಗೂ ಗೊತ್ತು. ಕಂಪನಿ ನಾಟಕಗಳ ಪರದೆ ಬರೆದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅರಮನೆ, ಕಾಡು, ಬೀದಿ, ಸ್ವರ್ಗ ಅಂತ ಮಾರುದ್ದದ ಬಟ್ಟೆಯ ಮೇಲೆ ಬರೆದು, ಸುತ್ತಿ, ಲಾರಿಯಲ್ಲಿ ಊರೂರಿಗೆ ಹೊತ್ತೊಯ್ದದ್ದು. ನಮ್ಮ ಮುತ್ತಜ್ಜಂದಿರು ತಮ್ಮ ಜೀವನದಲ್ಲಿ ನೋಡಿದ ಅತಿ ದೊಡ್ಡ ಚಿತ್ರ ಅದೇ ಇದ್ದಿರಬೇಕು. ಅದನ್ನ ಕಲೆ ಅಂತ ಕೊಳ್ಳಬೇಕಾ, ರಂಗಸಾಮಗ್ರಿ ಅಂತ ಬಿಡಬೇಕಾ? ಮಡಿಕೆ ಬಿದ್ದಲ್ಲಿ ಬಣ್ಣ ಉದುರಿದ ಪರದೆಯನ್ನ ಹಾಗೇ ಇಡಬೇಕಾ, ಮತ್ತೆ ಬಣ್ಣ ಹಚ್ಚಿಸಬೇಕಾ? ಇದನ್ನ ಸಮಿತಿಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡೋಕಾಗಲ್ಲ. ಹತ್ತು ವರ್ಷ ಪರದೆಗಳನ್ನೇ ನೋಡಿದವರು ಒಬ್ಬರು ಹೇಳಬೇಕು, ಹೇಳಿದ್ದಕ್ಕೆ ಕಾರಣ ಬರೆದಿಡಬೇಕು.

ಎರಡನೆಯದು ಸೀಬಿ. ತುಮಕೂರಿಂದ ಶಿರಾ ಕಡೆ ಹೋಗುವಾಗ ಸಿಗೋ ನರಸಿಂಹಸ್ವಾಮಿ ದೇವಸ್ಥಾನ. ಟಿಪ್ಪುವಿನ ಆಡಳಿತದಲ್ಲಿ ಅಧಿಕಾರದಲ್ಲಿದ್ದ ಮನೆತನದ ಅಣ್ಣತಮ್ಮಂದಿರು ಕಟ್ಟಿಸಿದ್ದು. ಕತ್ತೆತ್ತಿ ನೋಡಿದರೆ ಛಾವಣಿಯ ತುಂಬ ಚಿತ್ರ: ಪುರಾಣ, ದರ್ಬಾರು, ಮೆರವಣಿಗೆ. ಅದನ್ನ ಕಿತ್ತು ಮ್ಯೂಸಿಯಮ್ಮಿಗೆ ತರೋಕಾಗಲ್ಲ, ತರಲೂಬಾರದು. ಹಾಗಾದರೆ ಅದು ಕ್ಯುರೇಟರ್ ಕೆಲಸ ಅಲ್ಲವಾ? ಹೌದು ಅಂತಲೇ ನನ್ನ ವಾದ. ಫೋಟೋ ದಾಖಲೆ ಮಾಡಿಸೋದು, ಹೊಗೆ ಮತ್ತು ಸುಣ್ಣದಿಂದ ಹೇಗೆ ಉಳಿಸಿಕೊಳ್ಳೋದು ಅಂತ ಅರ್ಚಕರ ಜೊತೆ ಕೂತು ಮಾತಾಡೋದು, ಇವೆಲ್ಲ ಆರೈಕೆಯೇ. ಇನ್ನೂ ಒಂದು ಇದೆ. ಕುಣಿಗಲ್ಲಿನ ಕುದುರೆ ಫಾರಂ ಕೂಡ ಟಿಪ್ಪು ಕಾಲದ್ದೇ, ಸೈನ್ಯಕ್ಕೆ ಕುದುರೆ ಬೆಳೆಸೋಕೆ ಶುರುವಾದದ್ದು. ಆ ಛಾವಣಿಯ ದರ್ಬಾರನ್ನೂ ಈ ಫಾರಮ್ಮಿನ ಕತೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ನಮ್ಮ ಜಿಲ್ಲೆಯ ಹದಿನೆಂಟನೇ ಶತಮಾನ ಒಂದೇ ಕೋಣೆಯಲ್ಲಿ ಅರ್ಥ ಆಗುತ್ತೆ. ಹೀಗೆ ಎರಡು ವಸ್ತು ಪಕ್ಕಪಕ್ಕ ಇಟ್ಟು ಮೂರನೆಯದನ್ನ ಕಾಣಿಸೋದು ಕ್ಯುರೇಟರ್ ಕೆಲಸದ ಸಂತೋಷದ ಭಾಗ. ಕ್ಯುರೇಟೆಡ್ ಮೆನುವಿನವರು ಎತ್ತಿಕೊಂಡದ್ದು ಈ ಭಾಗವನ್ನ ಮಾತ್ರ.

ಮೂರನೆಯದು, ತುಮಕೂರಿಂದ ಕುಣಿಗಲ್ ರಸ್ತೆ ಹಿಡಿದರೆ ಸಿಗೋ ಗೂಳೂರಿನ ಗಣೇಶ. ಚೌತಿಗೆ ಮಣ್ಣು ತಂದು ಶುರುಮಾಡಿ, ದೀಪಾವಳಿಯ ಬಲಿಪಾಡ್ಯಮಿಯಿಂದ ಪೂಜೆ ನಡೆಸಿ, ಆಮೇಲೆ ಅಷ್ಟು ದೊಡ್ಡ ಮೂರ್ತಿಯನ್ನ ಕೆರೆಗೆ ಬಿಡ್ತಾರೆ. ಜಿಲ್ಲೆಯ ಅತಿ ದೊಡ್ಡ ಮಣ್ಣಿನ ಶಿಲ್ಪ ಪ್ರತಿ ವರ್ಷ ಕರಗಿಹೋಗುತ್ತೆ. ಇದನ್ನ ಉಳಿಸಬೇಕು ಅಂತ ಹೊರಡೋ ಕ್ಯುರೇಟರಿಗೆ ಈ ಕೆಲಸ ಗೊತ್ತಿಲ್ಲ ಅಂತ ಅರ್ಥ. ಕರಗೋದು ಆ ಕೃತಿಯ ಭಾಗ. ಮಾಡೋ ಕೈಗಳನ್ನ, ಅವರು ಮಾಡೋ ವಿಧಾನವನ್ನ ದಾಖಲಿಸಿಟ್ಟು, ಮೂರ್ತಿಯನ್ನ ಅದರ ಪಾಡಿಗೆ ಬಿಡಬೇಕು.

ಇಷ್ಟೆಲ್ಲ ಅಧಿಕಾರವನ್ನ ಒಬ್ಬರ ಕೈಗೆ ಕೊಡೋದು ಅಪಾಯ ಅಲ್ಲವಾ ಅಂತ ನೀವು ಕೇಳಬಹುದು. ಖಂಡಿತ ಅಪಾಯವೇ. ಯಾವುದು ಕಲೆ, ಯಾರು ಕಲಾವಿದ ಅಂತ ಹೇಳೋರು ಬಾಗಿಲು ಕಾಯೋರೂ ಆಗಿಬಿಡ್ತಾರೆ. ಅವರ ಜಾತಿ, ಓದಿದ ಕಾಲೇಜು, ಗೆಳೆಯರ ಬಳಗ ಎಲ್ಲ ಗೋಡೆಯ ಮೇಲೆ ಕಾಣಿಸಿಕೊಳ್ಳುತ್ತೆ. ಕಂಪನಿ ಪರದೆ, ಸೋಮನ ಮುಖ ಇಷ್ಟು ದಿನ ಕಲೆಯ ಲೆಕ್ಕಕ್ಕೆ ಬಾರದೆ ಹೋಗಿದ್ದರಲ್ಲಿ ಅಂಥವರ ಪಾಲೂ ಇದೆ. ಕಲಾವಿದನಿಗಿಂತ ಕ್ಯುರೇಟರ್ ಹೆಸರು ದಪ್ಪಕ್ಷರದಲ್ಲಿರೋ ಪ್ರದರ್ಶನಗಳನ್ನ ನಾನೂ ನೋಡಿದ್ದೀನಿ. ಆದರೆ ಆ ಕುರ್ಚಿ ತೆಗೆದುಬಿಟ್ಟರೆ ತೀರ್ಮಾನಗಳೇನೂ ನಿಲ್ಲೋದಿಲ್ಲ. ದಾನಿ ಮಾಡ್ತಾರೆ, ಅಧಿಕಾರಿ ಮಾಡ್ತಾರೆ, ಡಿಸೈನ್ ಏಜೆನ್ಸಿ ಮಾಡುತ್ತೆ. ಆಗ ತಪ್ಪಾದರೆ ಯಾರನ್ನ ಬೈಯಬೇಕು ಅಂತಲೂ ಗೊತ್ತಾಗಲ್ಲ. ಚೀಫ್ ಕ್ಯುರೇಟರ್ ಇದ್ದರೆ ಬೈಯೋಕೆ ಒಂದು ಹೆಸರು, ಒಂದು ಬಾಗಿಲು, ಬಾಗಿಲ ಹಿಂದೆ ಒಂದು ಕಡತ ಇರುತ್ತೆ. ನಾನು ಕೇಳ್ತಿರೋದು ಅಷ್ಟನ್ನೇ.

ಹೋದ ಸಲ ಅಜ್ಜಿ ಊರಿನ ಹಬ್ಬಕ್ಕೆ ಹೋದಾಗ ಸೋಮನನ್ನ ಇಟ್ಟುಕೊಳ್ಳೋ ಮನೆಯ ಹಿರಿಯರನ್ನ ಮಾತಾಡಿಸಿದೆ. ಬಣ್ಣ ಯಾವಾಗ ಹಚ್ಚಿಸಿದ್ದು, ಬೆತ್ತ ಯಾವಾಗ ಬದಲಾಯಿಸಿದ್ದು ಅಂತ ಅವರಿಗೆ ವರ್ಷದ ಲೆಕ್ಕದಲ್ಲಿ ಗೊತ್ತು. ಯಾರು ಹೊರಬಹುದು, ಯಾರು ಮುಟ್ಟಬಾರದು ಅನ್ನೋದೂ ಗೊತ್ತು, ಅದರಲ್ಲಿ ನನಗೆ ಒಪ್ಪದೇ ಇರೋ ನಿಯಮಗಳೂ ಇವೆ. ಫೋನಿನಲ್ಲಿ ಆ ಗಾಜಿನ ಪೆಟ್ಟಿಗೆಯ ಫೋಟೋ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ, ಮೀಸೆ ನೋಡಿ, ಹಣೆ ನೋಡಿ, ತುಂಬ ಹೊತ್ತು ಸುಮ್ಮನಿದ್ದರು.

"ನಮ್ದಲ್ಲ. ಇದು ಯಾವೂರ್ದಂತೆ?" ಅಂದರು.

"ಗೊತ್ತಿಲ್ಲ ತಾತ. ಅಲ್ಲಿ ಬರೆದಿರಲಿಲ್ಲ."

"ಕೇಳ್ಬೇಕಿತ್ತು ಕಣಮ್ಮ."

"ಕೇಳ್ದೆ ತಾತ. ಹೇಳೋರು ಯಾರೂ ಇರ್ಲಿಲ್ಲ."

ಅವರು ಫೋನು ವಾಪಸ್ ಕೊಟ್ಟು, ಸೋಮನ ಬಾಗಿಲು ಹಾಕಿಕೊಂಡು ಬರೋಕೆ ಎದ್ದು ಹೋದರು.